ಕೊಳಚೆನೀರೂ ಕೃತಕ ಬುದ್ಧಿಯೂ

ನಗರಸಭೆಗಳೂ ಪುರಸಭೆಗಳೂ ಈಚೆಗೆ ಒಂದು ಹೊಸ ಮಂತ್ರವನ್ನು ಕಲಿಯುತ್ತಿವೆ. ಊರಿನ ಕೊಳಚೆನೀರನ್ನು ಶುದ್ಧಿಗೊಳಿಸುವ ಘಟಕಗಳನ್ನು ಕೃತಕ ಬುದ್ಧಿಮತ್ತೆಯ ಕೈಗೆ ಒಪ್ಪಿಸಿದರೆ ಸಾಕು. ವಿದ್ಯುಚ್ಛಕ್ತಿಯ ವೆಚ್ಚ ಇಳಿಯುವುದು, ನೀರು ತಿಳಿಯಾಗುವುದು, ಕೆರೆಗಳು ಉಳಿಯುವುವು ಎಂಬುದೇ ಆ ಮಂತ್ರ. ಯಂತ್ರವನ್ನು ಮಾರುವವರು ಹೀಗೆ ಹೇಳುವುದು ಸಹಜ. ಆದರೆ ಕೊಳ್ಳುವ ಸಭೆಗಳೂ, ಅವಕ್ಕೆ ಕಂದಾಯ ತೆರುವ ಮಹಾಜನರೂ ತೂಗಿ ನೋಡದೆ ತಲೆದೂಗುವುದು ವಿವೇಕವೆನಿಸದು.

ಮೊದಲು ಈ ಘಟಕಗಳ ಕೆಲಸವೆಂತಹುದೆಂಬುದನ್ನು ಅರಿಯಬೇಕು. 1914ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಎಂಬ ಇಬ್ಬರು ರಸಾಯನಜ್ಞರು ಒಂದು ಪ್ರಬಂಧವನ್ನೋದಿದರು. ಕೊಳಚೆನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಮರಳಿ ಮರಳಿ ಬಳಸಿದರೆ, ಅದರೊಳಗಿನ ಸೂಕ್ಷ್ಮಜೀವಿಗಳು ಬಲಿತು, ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧಿಯು ಗಂಟೆಗಳಲ್ಲಿ ಮುಗಿಯುವುದೆಂದು ಅವರು ತೋರಿಸಿಕೊಟ್ಟರು. ಅವರಿಗೆ ಈ ದಾರಿಯನ್ನು ಸೂಚಿಸಿದ ಗಿಲ್ಬರ್ಟ್ ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದವರು. ಸಕ್ರಿಯ ಕೆಸರಿನ ಈ ಕ್ರಮವೇ ಇಂದಿಗೂ ಲೋಕದ ಅನೇಕ ದೊಡ್ಡ ಘಟಕಗಳ ಆಧಾರ. ಅಲ್ಲಿ ನಿಜವಾಗಿ ದುಡಿಯುವವು ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಬೇಕಾದಷ್ಟು ಉಸಿರನ್ನು ಒದಗಿಸುವುದೇ ಮನುಷ್ಯನ ಕೆಲಸ.

ಈ ಕೆಲಸದಲ್ಲಿ ಯಂತ್ರಬುದ್ಧಿಯು ನೆರವಾಗಬಲ್ಲುದೆಂಬುದನ್ನು ಅಲ್ಲಗಳೆಯಲಾಗದು. ಇಂತಹ ಘಟಕದ ವಿದ್ಯುತ್ತಿನಲ್ಲಿ ಸುಮಾರು ಅರ್ಧ, ಕೆಲವೆಡೆ ಅದಕ್ಕೂ ಹೆಚ್ಚು, ಗಾಳಿಯೂದುವುದಕ್ಕೇ ವ್ಯಯವಾಗುವುದು. ಬೆಳಗಿನ ಹೊತ್ತು ಬರುವ ಕೊಳೆಯೇ ಬೇರೆ, ನಡುರಾತ್ರಿಯದೇ ಬೇರೆ, ಮಳೆ ಹೊಯ್ದಾಗಿನದು ಮತ್ತೂ ಬೇರೆ. ಹೀಗಿರಲಾಗಿ ಸದಾ ಒಂದೇ ಸಮನೆ ಗಾಳಿಯೂದುವುದು ದುಂದಲ್ಲದೆ ಮತ್ತೇನು? ಇದಲ್ಲದೆ, ನೀರಿನ ಕೊಳೆಯನ್ನು ಅಳೆಯುವ ಬಿ.ಓ.ಡಿ. ಪರೀಕ್ಷೆಗೆ ಭಾರತದ ಮಾನಕದಂತೆ 27 ಡಿಗ್ರಿ ಶಾಖದಲ್ಲಿ 3 ದಿನಗಳು ಹಿಡಿಯುವುವು. ಫಲ ಕೈಗೆ ಬರುವಷ್ಟರಲ್ಲಿ ನೀರು ಘಟಕವನ್ನು ಬಿಟ್ಟು ಕೆರೆಯನ್ನು ಸೇರಿರುತ್ತದೆ. ಹಿಂದಿನ ಲೆಕ್ಕಗಳ ಆಧಾರದಿಂದ ಆ ಫಲವನ್ನು ಆ ಕ್ಷಣವೇ ಅಂದಾಜು ಮಾಡಿ ಎಚ್ಚರಿಸುವ ಸಾಧನವೊಂದು ದೊರೆತರೆ ಅದನ್ನು ಬೇಡವೆನ್ನುವುದು ಹಟಮಾರಿತನವಾದೀತು.

ಆದರೆ ಆ ಯಂತ್ರಕ್ಕೆ ಸ್ವಂತ ಕಣ್ಣಿಲ್ಲ. ನೀರಿನಲ್ಲಿ ಇಳಿಬಿಟ್ಟ ಮಾಪಕಗಳೇ ಅದರ ಕಣ್ಣು. ಆಮ್ಲಜನಕದ ಮಾಪಕಕ್ಕೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟಿಕೊಳ್ಳುವುದು. ಲೋಳೆ ಕಟ್ಟಿದ ಮಾಪಕವು ಆಮ್ಲಜನಕವನ್ನು ಇದ್ದುದಕ್ಕಿಂತ ಕಡಮೆಯೆಂದು ತೋರಿಸುವುದು. ಅದನ್ನು ನಂಬಿದ ಯಂತ್ರವು ಬೇಡದ ಗಾಳಿಯನ್ನು ರಭಸದಿಂದ ಊದತೊಡಗುವುದು. ಅಮೋನಿಯಾ ಮಾಪಕವು ಹಾದಿತಪ್ಪಿ ಕಡಮೆ ತೋರಿಸಿದರೆ ವಿಪತ್ತು ಇನ್ನೊಂದು ಬಗೆಯದು: ಗಾಳಿ ನಿಲ್ಲುವುದು, ಕೊಳೆ ಹಾಗೆಯೇ ಹೊರಬೀಳುವುದು. ಆದುದರಿಂದ ಎಷ್ಟೇ ಬೆಲೆಬಾಳುವ ಬುದ್ಧಿಯಾಗಲಿ, ದುರ್ನಾತದ ನಡುವೆ ನಿಂತು ಆ ಮಾಪಕವನ್ನು ತೊಳೆಯುವ ಕೆಲಸಗಾರನ ಕೈಯನ್ನು ಅವಲಂಬಿಸಿಯೇ ಇರುವುದು. ಆ ಕೈಗಳನ್ನು ಕಡಮೆಮಾಡಿ ಸಂಬಳ ಉಳಿಸುವೆವೆಂದು ಯಂತ್ರವನ್ನು ತರುವವರು, ದೀಪ ಕೊಂಡು ಎಣ್ಣೆಯನ್ನು ಉಳಿಸುವವರ ಸಾಲಿಗೆ ಸೇರಿದವರು.

ಇನ್ನು ಗುರಿಯ ಮಾತು. ಯಂತ್ರವು ಹೇಳಿಕೊಟ್ಟ ಗುರಿಯನ್ನೇ ಹಿಡಿದು ನಡೆಯುವುದು. ವಿದ್ಯುತ್ತನ್ನು ಉಳಿಸೆಂದರೆ ಉಳಿಸುವುದು. ಉಳಿಸುವ ಅತಿ ಸುಲಭವಾದ ದಾರಿ ಗಾಳಿಯನ್ನು ಕಡಿಯುವುದೇ. ಘಟಕವನ್ನು ಗುತ್ತಿಗೆಗೆ ಪಡೆದು, ವಿದ್ಯುತ್ತಿನ ಉಳಿತಾಯದಲ್ಲಿ ಲಾಭ ಕಾಣುವವರೇ ಈ ಗುರಿಯನ್ನು ನಿಶ್ಚಯಿಸುವುದಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗದೆ? ಕೆಲಸಗಾರನ ಪ್ರಾಣ ಮೊದಲು, ನೀರಿನ ಶುದ್ಧಿ ಆಮೇಲೆ, ವಿದ್ಯುತ್ತಿನ ಉಳಿತಾಯ ಕಡೆಗೆ ಎಂಬ ಕ್ರಮವನ್ನು ಸಭೆಯೇ ವಿಧಿಸಬೇಕು. ವಿಷಾನಿಲ ತುಂಬಿದ ಗುಂಡಿಗಳಲ್ಲಿ 2013ರ ಕಾಯಿದೆಯ ಅನಂತರವೂ ಮನುಷ್ಯರು ಸತ್ತಿರುವ ದೇಶದಲ್ಲಿ, ಅನಿಲವನ್ನು ಕಂಡು ಕೂಗಿ ಎಚ್ಚರಿಸುವುದೇ ಯಂತ್ರದ ಮೊದಲ ಕರ್ತವ್ಯವಾಗಬೇಕಲ್ಲವೆ?

ಎಲ್ಲಕ್ಕಿಂತ ಮಿಗಿಲಾಗಿ ಲೆಕ್ಕವನ್ನು ನೋಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪ್ರಕಟಿಸಿದ ವರದಿಯಂತೆ ಭಾರತದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರು ಕೊಳಚೆನೀರು ಹುಟ್ಟುತ್ತಿತ್ತು. ಸ್ಥಾಪಿತವಾದ ಘಟಕಗಳ ಶಕ್ತಿ 31,841. ನಿಜವಾಗಿ ಶುದ್ಧಿಗೊಳ್ಳುತ್ತಿದ್ದುದು 20,235. ಎಂದರೆ ಕಟ್ಟಿದ ಘಟಕಗಳ ಶಕ್ತಿಯಲ್ಲಿಯೇ ಮೂರರಲ್ಲೊಂದು ಪಾಲಿಗೂ ಹೆಚ್ಚು ಉಪಯೋಗಕ್ಕೆ ಬಾರದೆ ಉಳಿದಿತ್ತು. ಮನೆಯಿಂದ ಘಟಕದವರೆಗೆ ಒಳಚರಂಡಿಯ ಕೊಳವೆಯೇ ಇಲ್ಲದಲ್ಲಿ, ಬಾರದ ನೀರನ್ನು ಯಾವ ಬುದ್ಧಿ ತಾನೆ ಶುದ್ಧಿಮಾಡೀತು? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಆತುರವಿದು.

ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯೆದ್ದು, 2015, 2017, 2018ರಲ್ಲಿ ಬೆಂಕಿ ಕಂಡುದನ್ನು ನಾಡು ಮರೆತಿಲ್ಲ. ಕೆರೆಗೆ ಬಿದ್ದುದು ಬಹುಮಟ್ಟಿಗೆ ಘಟಕದ ಮುಖವನ್ನೇ ಕಾಣದ ಕೊಳಚೆ. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕೃತ ನೀರು 2018ರ ಜೂನಿನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಜುಲೈನಲ್ಲಿ ಅಲ್ಲಿಯೂ ನೊರೆ ಕಾಣಿಸಿ, ಉಚ್ಚ ನ್ಯಾಯಾಲಯವು ಕೆಲಕಾಲ ನೀರನ್ನು ತಡೆಯಿತು. ಬತ್ತಿದ ಕೆರೆ ತುಂಬಿದುದು ರೈತನ ಪಾಲಿಗೆ ಸಣ್ಣ ಸಂಗತಿಯಲ್ಲ. ಆದರೆ ಕೆರೆಯ ನೀರು ಬಾವಿಗಿಳಿಯುವ ನೆಲವದು. ಅಲ್ಲಿಯ ತಾಯಿಯೊಬ್ಬಳು ಕೊಡವನ್ನು ಮುಂದಿಟ್ಟು 'ಈ ನೀರಿಗೆ ಹೊಣೆ ಯಾರು?' ಎಂದು ಕೇಳಿದರೆ 'ಯಂತ್ರ' ಎಂಬುದು ಉತ್ತರವಾಗಲಾರದು.

ಮನುಷ್ಯನು ರಾತ್ರಿ ತೂಕಡಿಸುವನು, ದಫ್ತರದಲ್ಲಿ ಸುಳ್ಳು ಅಂಕಿಗಳನ್ನು ಬರೆಯುವನು, ಯಂತ್ರಕ್ಕೆ ಆ ದೋಷವಿಲ್ಲವೆಂದು ಕೆಲವರು ವಾದಿಸುವರು. ಮಾತು ಸುಳ್ಳಲ್ಲ. ಆದರೆ ಸುಳ್ಳು ದಫ್ತರಗಳಿಂದ ಪಾಠ ಕಲಿತ ಯಂತ್ರವು ಆ ಸುಳ್ಳನ್ನೇ ಶಾಸ್ತ್ರದ ಠೀವಿಯಿಂದ ಒಪ್ಪಿಸುವುದೆಂಬುದನ್ನು ಅವರು ಮರೆಯುವರು. ಹಳೆಯ ಸುಳ್ಳನ್ನು ಪ್ರಶ್ನಿಸಲು ಧೈರ್ಯ ಸಾಕಾಗಿತ್ತು. ಹೊಸದನ್ನು ಪ್ರಶ್ನಿಸಲು ಗಣಿತವೂ ಬೇಕಾದೀತು.

ಆದಕಾರಣ ಸಭೆಗಳು ಬುದ್ಧಿಯನ್ನು ಕೊಳ್ಳುವ ಮುನ್ನ ಕೊಳವೆಯನ್ನು ಹೂಳಲಿ, ಮಾಪಕವನ್ನು ತೊಳೆಯುವವನಿಗೆ ವಿದ್ಯೆಯನ್ನೂ ತಕ್ಕ ಸಂಬಳವನ್ನೂ ಕೊಡಲಿ. ಆಮೇಲೆ ಯಂತ್ರ ಬರಲಿ, ಸಲಹೆಗಾರನಾಗಿ ಬರಲಿ. ಅದರ ಅಂಕಿಗಳು ದಿನದಿನವೂ ಊರಿನ ಕಣ್ಣಿಗೆ ಬೀಳಲಿ, ಅದರ ಪ್ರತಿಯೊಂದು ಆಜ್ಞೆಯ ಕೆಳಗೂ ಒಬ್ಬ ಅಧಿಕಾರಿಯ ರುಜು ಇರಲಿ. ಈ ಷರತ್ತುಗಳಿಗೆ ಒಪ್ಪದವನ ಸರಕು ಎಷ್ಟೇ ಅಗ್ಗವಾಗಿದ್ದರೂ ಪುರಜನರು ಅದಕ್ಕೆ ಒಂದು ಕಾಸನ್ನೂ ತೆರಬೇಕಾದ ಕಾರಣವಿಲ್ಲ.