ಹೆಸರೇ ಲಕ್ಷಣವೆ?

ಬಿಯರಿನಲ್ಲಿ ಸೀಮೆಗೊಂದು ಬಗೆಯುಂಟೆಂಬುದು ಪ್ರಸಿದ್ಧ. ಪಾನವು ಗ್ರಾಹ್ಯವೊ ತ್ಯಾಜ್ಯವೊ ಎಂಬ ವಿಚಾರವು ಇಲ್ಲಿ ಅಪ್ರಕೃತ. ಒಂದು ಸೀಮೆಯ ಬಗೆಯನ್ನು ಮಿಕ್ಕವುಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವಾವುದೆಂಬುದೇ ಪ್ರಶ್ನೆ.

ನೀರೇ ಕಾರಣವೆಂದು ಕೆಲವರು ವಾದಿಸುವರು. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳಲ್ಲಿ ಜಿಪ್ಸಮ್ ಹೇರಳವಾಗಿದ್ದು, ಅಲ್ಲಿಯ ಬಿಯರಿಗೆ ಕೀರ್ತಿ ತಂದಿತೆಂಬುದು ನಿಜ. ಆದರೆ ಇಂದು ಯಾವ ಊರಿನವರಾದರೂ ತಮ್ಮ ನೀರಿಗೆ ಜಿಪ್ಸಮ್ ಬೆರೆಸಿ ಅದನ್ನು ಬರ್ಟನ್ನಿನ ನೀರಿನಂತಾಗಿಸಬಲ್ಲರು. ಯೀಸ್ಟೇ ಕಾರಣವೆನ್ನುವವರ ವಾದವೂ ನಿಲ್ಲದು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸೆನ್ ಎಂಬ ವಿದ್ವಾಂಸನು ಯೀಸ್ಟನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಬೆಳೆಸಿದಂದಿನಿಂದ, ಒಂದೂರಿನ ಯೀಸ್ಟು ಎಲ್ಲ ಊರುಗಳಿಗೂ ದೊರೆಯುವಂತಾಯಿತು. ಕೊಂಬಿರುವುದು ಹಸುವಿನ ಲಕ್ಷಣವಲ್ಲ; ಎಮ್ಮೆಗೂ ಕೊಂಬುಂಟು. ಎಲ್ಲಿಗಾದರೂ ಒಯ್ಯಬಹುದಾದ ವಸ್ತುವನ್ನು ಒಂದು ಸೀಮೆಯ ಲಕ್ಷಣವೆಂದರೆ ಅತಿವ್ಯಾಪ್ತಿದೋಷವು ತಪ್ಪದು.

ಹೆಸರಂತೂ ಇನ್ನೂ ದುರ್ಬಲ. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ ಬವೇರಿಯದ ಯೋಸೆಫ್ ಗ್ರೋಲನು ಹೊಂಬಣ್ಣದ ಬಿಯರನ್ನು ತಯಾರಿಸಿದನು. ಇಂದು ಪಿಲ್ಸ್‌ನರ್ ಎಂಬ ಹೆಸರು ದೇಶದೇಶಗಳ ಸೀಸೆಗಳ ಮೇಲಿದೆ. ಅವುಗಳಲ್ಲಿ ಹೆಚ್ಚಿನವುಗಳೊಳಗೆ ಪಿಲ್ಸೆನ್ನಿನದು ಒಂದು ಹನಿಯೂ ಇಲ್ಲ.

ಹಾಗಾದರೆ ಲಕ್ಷಣವಾವುದು? ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದ ಸುತ್ತಲೂ ಸೆನ್ನೆ ನದಿಯ ಕಣಿವೆಯಲ್ಲಿಯೂ ತಯಾರಾಗುವ ಲ್ಯಾಂಬಿಕ್ ಇದಕ್ಕೆ ಉತ್ತರವೀಯುತ್ತದೆ. ಬಾರ್ಲಿಯ ಮಾಲ್ಟಿನೊಡನೆ ನೂರಕ್ಕೆ 30ಕ್ಕೆ ಕಡಮೆಯಿಲ್ಲದಂತೆ ಗೋಧಿ ಸೇರಿಸಿ ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಆರಿಸುವರು. ಯೀಸ್ಟನ್ನು ಯಾರೂ ಹಾಕರು; ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ನೆಲಸಿದ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸಬೇಕು. ಬೇಸಗೆಯ ಗಾಳಿಯಲ್ಲಿ ಕೆಡಿಸುವ ಜೀವಿಗಳು ಹೆಚ್ಚಾದುದರಿಂದ ಚಳಿಯ ತಿಂಗಳುಗಳಲ್ಲಿ ಮಾತ್ರ ಕೆಲಸ. ಬಳಿಕ ಒಂದು, ಎರಡು, ಮೂರು ವರ್ಷಗಳಷ್ಟು ಹಳೆಯ ಲ್ಯಾಂಬಿಕ್ಕುಗಳನ್ನು ರುಚಿನೋಡಿ, ಹದವರಿತು ಬೆರೆಸಿ, ಗ್ಯೂಜ್ ಎಂಬುದನ್ನು ಸಿದ್ಧಪಡಿಸುವರು. ನೆಲವು ವಿಧಿಸಿದ ಕಟ್ಟನ್ನು ಜನರು ಆಚಾರವನ್ನಾಗಿ ಪಾಲಿಸಿಕೊಂಡು ಬಂದುದೇ ಇಲ್ಲಿಯ ಅಸಾಧಾರಣ ಧರ್ಮ. ನೆಲವೊಂದೇ ಸಾಲದು, ವಿಧಾನವೊಂದೇ ಸಾಲದು.

ಹೀಗಿರಲು, 1997ರಲ್ಲಿ ಐರೋಪ್ಯ ಒಕ್ಕೂಟವು ಲ್ಯಾಂಬಿಕ್ಕಿಗೆ ಕೊಟ್ಟ ರಕ್ಷಣೆಯು ವಿಧಾನಕ್ಕೆ ಸಲ್ಲುವುದೇ ಹೊರತು ಸೀಮೆಗಲ್ಲ. ಇದು ಅರ್ಧ ಲಕ್ಷಣವನ್ನು ಕಾಯ್ದು ಅರ್ಧವನ್ನು ಬೀದಿಗೆ ಬಿಟ್ಟಂತೆ. ಅನ್ಯದೇಶದವರು ತೆರೆದ ತೊಟ್ಟಿಯನ್ನಿಡುವುದು ತಪ್ಪಲ್ಲ. ತಮ್ಮ ಗಾಳಿಯ ಫಲಕ್ಕೆ ತಮ್ಮ ಊರಿನ ಹೆಸರನ್ನಿಟ್ಟರೆ ಅದು ಗೌರವವೇ ಸರಿ. ಆದರೆ ಸೆನ್ನೆಯ ಗಾಳಿಯನ್ನು ಕಾಣದ ಪೀಪಾಯಿಗೂ ಅದೇ ಹೆಸರು ಸಲ್ಲುವುದಾದರೆ, ಮೂರು ವರ್ಷ ಬಂಡವಾಳವನ್ನು ಕತ್ತಲೆಯಲ್ಲಿಟ್ಟು ಕಾಯುವ ಆ ಕಣಿವೆಯವರು ಯಾವ ಭರವಸೆಯಿಂದ ಕಾಯಬೇಕು?