ಹೆದರಿಕೆಗೂ ಒಂದು ಅಳತೆ ಬೇಕು

ನಮ್ಮ ಕಡೆ 'ವಿಕಿರಣ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಜನರು ಎರಡು ಪಂಗಡವಾಗಿ ನಿಲ್ಲುತ್ತಾರೆ. ಒಂದು ಪಂಗಡಕ್ಕೆ ಮೊಬೈಲ್ ಟವರ್, ಎಕ್ಸ್‌ರೇ, ಯುರೇನಿಯಂ, ಕೈಗಾ ಎಲ್ಲವೂ ಒಂದೇ ಭೂತ. ಇನ್ನೊಂದು ಪಂಗಡಕ್ಕೆ ಈ ಭಯವೆಲ್ಲ ಓದು ಬಾರದವರ ಭ್ರಮೆ. 'ತಜ್ಞರು ಹೇಳಿದ್ದಾರೆ, ನೀವು ಸುಮ್ಮನಿರಿ' ಎಂಬುದೇ ಅವರ ಉತ್ತರ. ಹಳ್ಳಿಯ ಮಕ್ಕಳಿಗೆ ಬಹುಕಾಲ ವಿಜ್ಞಾನ ಪಾಠ ಹೇಳಿದವನಾಗಿ ನನ್ನ ತಕರಾರು ಇಬ್ಬರ ಮೇಲೂ ಇದೆ. ವಿಜ್ಞಾನದ ಮೊದಲ ಪ್ರಶ್ನೆಯನ್ನು ಇವರಿಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆ 'ಎಷ್ಟು?' ಎಂಬುದು.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ವಿಕಿರಣವು ದೇಹದ ಮೇಲೆ ಮಾಡುವ ಪರಿಣಾಮವನ್ನು ಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ನೆಲ, ಗಾಳಿ, ಆಹಾರ, ಆಕಾಶ ಇವುಗಳಿಂದಲೇ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಲ್ಲುತ್ತದೆ. ಅಣುಸ್ಥಾವರಗಳಿಂದ ಸಾರ್ವಜನಿಕರಿಗೆ ಇದರ ಮೇಲೆ ಸೇರಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್ ಇದರ ಹಲವು ಪಟ್ಟು ಕೊಡುತ್ತದೆ. ಮೊಬೈಲ್ ಟವರಿನ ತರಂಗಗಳಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವ ಶಕ್ತಿ ಅವಕ್ಕಿಲ್ಲ. ಆದರೂ ಟವರಿನ ವಿರುದ್ಧ ಅರ್ಜಿಗೆ ಸಹಿ ಹಾಕುವ ಮನೆಗಳಲ್ಲೇ ಕಟ್ಟಿಗೆಯ ಒಲೆಯ ಹೊಗೆ ಕುಡಿದು ತಾಯಂದಿರು ಕೆಮ್ಮುತ್ತಿರುತ್ತಾರೆ. ಆ ಹೊಗೆಯ ವಿರುದ್ಧ ಅರ್ಜಿ ಬರೆದವರನ್ನು ನಾನು ಕಂಡಿಲ್ಲ!

ಹಾಗೆಂದು 'ಸುಮ್ಮನಿರಿ' ಎನ್ನುವವರ ಬೆನ್ನು ತಟ್ಟಲಾರೆ. ಕೈಗಾವನ್ನು ಪ್ರಶ್ನಿಸಿ ಡಾ. ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಆಗ ಅವರನ್ನು ಕಂಡು ನಕ್ಕವರಿದ್ದರು. 1994ರ ಮೇ ತಿಂಗಳಿನಲ್ಲಿ, ಕಟ್ಟುತ್ತಿದ್ದಾಗಲೇ ಅಲ್ಲಿನ ಸ್ಥಾವರದ ಗುಮ್ಮಟ ಕುಸಿಯಿತು. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಬೆರೆತು ಹಲವಾರು ನೌಕರರ ದೇಹ ಸೇರಿತು. ಅದು ಬಯಲಾದದ್ದು ಹೇಗೆ? ನೌಕರರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ಅಳತೆ ಇದ್ದಲ್ಲಿ ತಪ್ಪು ಅಡಗಲಾರದು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮೋರಟಗಿಯಲ್ಲಿ ನಿಂತರೆ ಮೂಡಣಕ್ಕೆ ಶಹಾಪುರ ತಾಲ್ಲೂಕಿನ ಗೋಗಿ, ನೈಋತ್ಯಕ್ಕೆ ಬಸವನ ಬಾಗೇವಾಡಿ ಭಾಗದ ಕೂಡಗಿ.

ಗೋಗಿಯ ನೆಲದಡಿ ಯುರೇನಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಗಣಿಯ ಮಾತು ಬಂದಾಗಲೆಲ್ಲ ಸುತ್ತಲಿನ ಜನ ಅಂಜಿದ್ದಾರೆ. ಆ ಅಂಜಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದು ಸರಿಯಾದ ಜಾಗಕ್ಕೆ ಹೋಗಲಿ. ಬಾವಿಯ ನೀರಿಗೆ ಯುರೇನಿಯಂ ಸೇರಿದರೆ ಮೊದಲ ಪೆಟ್ಟು ಮೂತ್ರಪಿಂಡಕ್ಕೆ, ಅದೂ ವಿಕಿರಣದಿಂದಲ್ಲ, ರಾಸಾಯನಿಕ ವಿಷದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೋಗ್ರಾಂ. ನೆಲದೊಳಗಿನ ಬಂಡೆಯೇ ನೀರಿಗೆ ಇದನ್ನು ಬಿಟ್ಟುಕೊಡಬಲ್ಲದು. ಆದ್ದರಿಂದ ಗಣಿ ತೋಡುವ ಮೊದಲೇ ಪ್ರತಿ ಬಾವಿಯ ಲೆಕ್ಕ ಬರೆದಿಡಬೇಕು. ಇಲ್ಲವಾದರೆ ನಾಳೆ ಗಣಿಯವರು 'ಇದು ಮೊದಲೇ ಇತ್ತು' ಎನ್ನುತ್ತಾರೆ, ಊರವರು 'ನಿಮ್ಮಿಂದಲೇ ಬಂತು' ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಪುರಾವೆ ಇರದು. ಪುರಾವೆ ಇಲ್ಲದ ಜಗಳದಲ್ಲಿ ಸೋಲುವವನು ಯಾವಾಗಲೂ ಬಡವನೇ.

ಕೂಡಗಿಯ ಕಥೆ ಬೇರೆ. 2014ರ ಜುಲೈನಲ್ಲಿ ಅಲ್ಲಿ ರೈತರು ಬೀದಿಗಿಳಿದರು, ಪೊಲೀಸರ ಗುಂಡೂ ಹಾರಿತು. ಅವರು ಕೇಳಿದ್ದು ಬೂದಿ ಮತ್ತು ನೀರಿನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಯಾರೂ ಕೇಳದೆ ಉಳಿದ ಇನ್ನೊಂದು ಲೆಕ್ಕವನ್ನು ಇಲ್ಲಿ ಮಾಡೋಣ. ಅದರ ಸಾಮರ್ಥ್ಯ 2,400 ಮೆಗಾವಾಟ್. ಒಂದು ದಿನ ಪೂರ್ತಿ ನಡೆದರೆ 5 ಕೋಟಿ 76 ಲಕ್ಷ ಯೂನಿಟ್. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್ ಎಂದಿಟ್ಟರೂ ದಿನಕ್ಕೆ 50 ಸಾವಿರ ಟನ್ ಮೀರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದ್ದರಿಂದ ಹೆದರುವವರೂ ಇಲ್ಲ.

'ಬರ, ಮಹಾಪೂರ ಅಜ್ಜನ ಕಾಲದಲ್ಲೂ ಇದ್ದವಲ್ಲ, ಮಾಸ್ತರ್ರ?' ಎನ್ನುವವರು ನಮ್ಮಲ್ಲಿ ಬಹಳ. ಇದ್ದವು, ನಿಜ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಸಿಂದಗಿ, ಇಂಡಿ ಭಾಗದ ಹೊಲಗಳು ಮುಳುಗಿದ್ದಕ್ಕೆ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಹೇಳಿದರೆ ಅದು ವಿಜ್ಞಾನವಲ್ಲ. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು ಎಂಬುದು ವಿಜ್ಞಾನ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಇಂದು 420 ದಾಟಿರುವುದು ಅಳೆದು ಕಂಡ ಸತ್ಯ. ಪಗಡೆಯ ದಾಳಕ್ಕೆ ಒಂದು ಕಡೆ ಸೀಸ ತುಂಬಿದ ಮೇಲೆ ಯಾವ ಗರ ಸೀಸದಿಂದ ಬಿತ್ತೆಂದು ಹೇಳಲಾಗದು. ಆಟ ಮೋಸದ್ದಾಯಿತೆಂದು ಮಾತ್ರ ಖಂಡಿತ ಹೇಳಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಊರಿನ ಕೊಳವೆಬಾವಿಗಳ ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಪ್ರಮಾಣ, ಕೂಡಗಿ ಸುತ್ತಲಾದರೆ ಗಾಳಿಯ ದೂಳಿನ ಪ್ರಮಾಣ, ಪಕ್ಕದಲ್ಲಿ ಸುರಕ್ಷಿತ ಮಿತಿ, ಅಳೆದ ದಿನಾಂಕ ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿರಿ. ಏಳನೇ ಇಯತ್ತೆಯ ಹುಡುಗಿಯೂ ಓದಿ ಮನೆಯಲ್ಲಿ ಹೇಳುವಂತಿರಲಿ. 'ಗಾಬರಿಯಾಗುತ್ತಾರೆ' ಎಂದು ಅಂಕಿಗಳನ್ನು ಕಡತದಲ್ಲಿ ಮುಚ್ಚಿಡುವ ಅಧಿಕಾರಿಗಳು ಒಂದು ಮಾತನ್ನು ನೆನಪಿಡಲಿ: ಜನರು ಗಾಬರಿಯಾಗುವುದು ಅಂಕಿಗಳನ್ನು ಕಂಡಲ್ಲ, ಅವುಗಳನ್ನು ಬಚ್ಚಿಡುವವರನ್ನು ಕಂಡು.