ನಿಮ್ಮ ಹೊಲ ಯಾವ ದರ್ಜೆಯದು? ಪಹಣಿ ಹೇಳದ್ದನ್ನು ಮಣ್ಣಿನ ನಕ್ಷೆ ಹೇಳುತ್ತದೆ



ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯನ್ನು ಉಳಿಸಿಕೊಳ್ಳಲು ಅಲ್ಲಿಯ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ಕೊನೆಗೆ 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಆ ರೈತರು ಮೊದಲಿನಿಂದಲೂ ಹೇಳುತ್ತಿದ್ದ ಒಂದು ಮಾತು, ‘ಇದು ಫಲವತ್ತಾದ ಭೂಮಿ’ ಎಂಬುದು.

ಎಲ್ಲ ಊರಿನವರಿಗೂ ಮೂರು ವರ್ಷ ಧರಣಿ ಕೂರುವ ಶಕ್ತಿ ಇರುವುದಿಲ್ಲ. ನಾಳೆ ನಿಮ್ಮ ಊರಿಗೆ ಅಂಥದೊಂದು ನೋಟಿಸು ಬಂದರೆ ‘ನಮ್ಮದು ಒಳ್ಳೆಯ ಭೂಮಿ’ ಎಂದು ನೀವೂ ಹೇಳುವಿರಿ. ಹೇಳಿದವರಿಗೆ ‘ಯಾವ ಆಧಾರದ ಮೇಲೆ?’ ಎಂಬ ಪ್ರಶ್ನೆ ತಪ್ಪದು. ಆಗ ತೋರಿಸಲು ನಿಮ್ಮಲ್ಲಿ ಏನಿದೆ? ಇದನ್ನೇ ಈ ವಾರ ವಿಚಾರ ಮಾಡೋಣ.

ಮೂರು ಅಳತೆಗೋಲುಗಳು

ನಮ್ಮ ನಾಡಿನಲ್ಲಿ ಭೂಮಿಯ ಗುಣವನ್ನು ಅಳೆಯಲು ಮೂರು ಬೇರೆ ಬೇರೆ ಅಳತೆಗೋಲುಗಳಿವೆ. ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ. ತೊಡಕೆಲ್ಲ ಇಲ್ಲಿಯೇ ಇದೆ.

ಮೊದಲನೆಯದು ಆಣೆಯ ಲೆಕ್ಕ. ಬ್ರಿಟಿಷರ ಕಾಲದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ಮುಂಬಯಿ ಪ್ರಾಂತದಲ್ಲಿ ಈ ಪದ್ಧತಿಯನ್ನು ರೂಪಿಸಿದರು. 1847ರ ಅವರ ವರದಿಯಂತೆ ಒಂದೂಮುಕ್ಕಾಲು ಮೊಳ ಆಳದ ಉತ್ತಮ ಮಣ್ಣಿಗೆ ಹದಿನಾರಾಣೆ. ಆಳ ಕಡಿಮೆಯಾದಂತೆ ಆಣೆಯೂ ಕಡಿಮೆ. ಹೀಗೆ ಒಂಬತ್ತು ದರ್ಜೆಗಳು. ಹರಳು, ಮರಳು, ಇಳಿಜಾರು, ನೀರು ನಿಲ್ಲುವುದು ಇಂಥ ಒಂದೊಂದು ದೋಷಕ್ಕೂ ಒಂದೊಂದು ದರ್ಜೆ ಇಳಿಸುತ್ತಿದ್ದರು. ಧಾರವಾಡ ಸೀಮೆಯ ಹೊಲಗಳಿಗೆ ಕಂದಾಯ ನಿಂತದ್ದು ಹೀಗೆ. ಹಳೇ ಮೈಸೂರಿನಲ್ಲಿಯೂ 1863ರಿಂದ ಇದೇ ಮಾದರಿಯ ಮೋಜಣಿ ನಡೆಯಿತು. ಆ ಜನ ಕಂದಾಯಕ್ಕಾಗಿ ಬಂದವರು ನಿಜ. ಆದರೆ ಹೊಲದಲ್ಲಿ ಗುಂಡಿ ತೋಡಿ ನೋಡಿದ್ದರು ಎಂಬುದನ್ನು ಮರೆಯಬಾರದು.

ಎರಡನೆಯದು ನೀರಿನ ಲೆಕ್ಕ. ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ ನಿಮಗೆ ಗೊತ್ತೇ ಇದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಅನುಸೂಚಿಯಲ್ಲಿಯೂ ಭೂಮಿಯನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿರುವುದು ಮುಖ್ಯವಾಗಿ ನೀರಿನ ಮೇಲೆಯೇ. ಎಂಟಾಣೆಗೆ ಮೇಲ್ಪಟ್ಟ ಎ ವರ್ಗದ ಒಂದು ಎಕರೆಗೆ ಡಿ ವರ್ಗದ, ಅಂದರೆ ಮಳೆಯನ್ನೇ ನಂಬಿದ ಒಣಭೂಮಿಯ 5.4 ಎಕರೆ ಸಮ. ಎ, ಬಿ, ಸಿ ವರ್ಗಗಳಲ್ಲಿ ಎಂಟಾಣೆಗೆ ಮೇಲು, ಎಂಟಾಣೆಗೆ ಕೆಳಗೆ ಎಂಬ ಭೇದವಿದೆ. ಡಿ ವರ್ಗಕ್ಕೆ ಅದೂ ಇಲ್ಲ. ಎರೆಯಿರಲಿ, ಮಡ್ಡಿಯಿರಲಿ, ಖುಷ್ಕಿಯೆಲ್ಲ ಒಂದೇ.

ಮೂರನೆಯದು ಮಣ್ಣು ಸಮೀಕ್ಷೆಯ ಲೆಕ್ಕ. ಇದು ಕಂದಾಯವನ್ನೂ ಕೇಳುವುದಿಲ್ಲ, ಕಾಲುವೆಯನ್ನೂ ಕೇಳುವುದಿಲ್ಲ. ನೆಲದ ಒಳಗೆ ಏನಿದೆ ಎಂದು ಮಾತ್ರ ಕೇಳುತ್ತದೆ.

ಕಾನೂನು ಕೇಳುವುದು ನೀರನ್ನು

2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 10ನೇ ಪ್ರಕರಣವು ಬಹುಬೆಳೆಯ ನೀರಾವರಿ ಭೂಮಿಯನ್ನು ಅನ್ಯ ದಾರಿಯೇ ಇಲ್ಲದ ಪ್ರಸಂಗದಲ್ಲಿ ಮಾತ್ರ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ಉಳಿದ ಸಾಗುವಳಿ ಭೂಮಿಗೆ ಜಿಲ್ಲಾವಾರು ಒಟ್ಟು ಮಿತಿಯ ಮಾತಿದೆ. ರಸ್ತೆ, ರೈಲು, ಕಾಲುವೆ, ವಿದ್ಯುತ್ ಮಾರ್ಗಗಳಿಗೆ ಈ ನಿರ್ಬಂಧವಿಲ್ಲ. 2019ರ ಕರ್ನಾಟಕದ ತಿದ್ದುಪಡಿಯು ಇನ್ನೂ ಕೆಲವು ಬಗೆಯ ಯೋಜನೆಗಳಿಗೆ ವಿನಾಯಿತಿಗೆ ದಾರಿ ಮಾಡಿದೆ. ಕೈಗಾರಿಕಾ ಪ್ರದೇಶಗಳಿಗೆ 1966ರ ರಾಜ್ಯ ಕಾಯ್ದೆಯಡಿ ನಡೆಯುವ ಸ್ವಾಧೀನದ ಹಾದಿಯೇ ಬೇರೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಗದಗ ಅಥವಾ ಕೊಪ್ಪಳ ಜಿಲ್ಲೆಯ ಆಳವಾದ ಎರೆ ಹೊಲವನ್ನು ತೆಗೆದುಕೊಳ್ಳಿ. ಒಂದು ಮೀಟರು ಆಳದ ಅಂಥ ಮಣ್ಣು ಬೆಳೆಗೆ ಸಿಗುವಂತೆ 150 ಮಿಲಿಮೀಟರಿಗೂ ಹೆಚ್ಚು ನೀರನ್ನು ಹಿಡಿದಿಡಬಲ್ಲದು. ಹಿಂಗಾರಿ ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಕಡಲೆ, ಬಿಳಿಜೋಳ ಆ ಹಸಿಯ ಮೇಲೆಯೇ ತೆನೆಗಟ್ಟುತ್ತವೆ. ಆ ಹೊಲದ ಮಣ್ಣೇ ಅದರ ಕೆರೆ. ಆದರೆ ದಾಖಲೆಯಲ್ಲಿ ಅದು ಬರೀ ಖುಷ್ಕಿ. ಪಕ್ಕದ ಗರಸು ಮರಡಿಯೂ ಖುಷ್ಕಿಯೇ. 10ನೇ ಪ್ರಕರಣದ ಮುಖ್ಯ ರಕ್ಷಣೆ ಎರಡಕ್ಕೂ ಇಲ್ಲ. ನೋಂದಣಿಯ ಮಾರ್ಗಸೂಚಿ ಬೆಲೆಯೂ ಖುಷ್ಕಿ, ತರಿ, ಬಾಗಾಯ್ತು ಎಂದೇ ನಿಲ್ಲುವುದರಿಂದ ಪರಿಹಾರದಲ್ಲಿಯೂ ಮಣ್ಣಿನ ಗುಣಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಬೋರ್‌ವೆಲ್ ಬತ್ತಿದರೆ ಹೊಸದು ಕೊರೆಸಬಹುದು. ನಾಲ್ಕು ಅಡಿ ಎರೆ ಮಣ್ಣು ಆಗಲು ಸಾವಿರಾರು ವರ್ಷ ಬೇಕು. ಆದ್ದರಿಂದ ಖುಷ್ಕಿ ರೈತನಿಗೆ ಮೂರನೆಯ ಅಳತೆಗೋಲಿನ ಅಗತ್ಯ ಎಲ್ಲರಿಗಿಂತ ಹೆಚ್ಚು.

ಎಂಟು ದರ್ಜೆಗಳು

ಮಣ್ಣು ಸಮೀಕ್ಷೆಯವರು ಭೂಮಿಯನ್ನು ಅದರ ಸಾಮರ್ಥ್ಯದ ಮೇಲೆ ಒಂದರಿಂದ ಎಂಟರವರೆಗೆ ವಿಂಗಡಿಸುತ್ತಾರೆ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆಯವರು ರೂಪಿಸಿದ ಈ ಪದ್ಧತಿಯನ್ನು ನಮ್ಮ ದೇಶಕ್ಕೂ ಅಳವಡಿಸಿಕೊಂಡಿದ್ದಾರೆ. ಒಂದರಿಂದ ನಾಲ್ಕು ಸಾಗುವಳಿಗೆ ತಕ್ಕ ಭೂಮಿ. ಒಂದನೆಯದಕ್ಕೆ ದೋಷವೇ ಇಲ್ಲವೆನ್ನಬಹುದು; ಎರಡನೆಯದಕ್ಕೆ ಅಲ್ಪ ದೋಷ; ಮೂರನೆಯದಕ್ಕೆ ಬೆಳೆಯ ಆಯ್ಕೆಯೇ ಕಡಿಮೆಯಾಗುವಷ್ಟು ದೋಷ; ನಾಲ್ಕನೆಯದನ್ನು ಬಹಳ ಎಚ್ಚರದಿಂದ ಸಾಗುವಳಿ ಮಾಡಬೇಕು. ಐದರಿಂದ ಏಳರವರೆಗಿನದು ಹುಲ್ಲುಗಾವಲಿಗೆ, ಮರಗಳಿಗೆ. ಎಂಟನೆಯದು ಬಂಡೆ, ಕೊರಕಲು.

ಅಂಕಿಯ ಮುಂದೆ ಇಂಗ್ಲಿಷಿನ ಒಂದೆರಡು ಅಕ್ಷರವಿರುತ್ತದೆ. ಇ ಎಂದರೆ ಕೊಚ್ಚಣೆ, ಡಬ್ಲ್ಯೂ ಎಂದರೆ ನೀರು ನಿಲ್ಲುವ ದೋಷ, ಎಸ್ ಎಂದರೆ ಬೇರಿನ ವಲಯದ ದೋಷ (ಆಳ ಕಡಿಮೆ, ಗರಸು, ಕರಲು ಇತ್ಯಾದಿ), ಸಿ ಎಂದರೆ ಹವೆಯ ದೋಷ. ನನ್ನ ಅನುಭವದಲ್ಲಿ ರೈತರು ಅಂಕಿಯನ್ನು ಕೇಳಿ ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಆದರೆ ಕೆಲಸಕ್ಕೆ ಬರುವುದು ಅಕ್ಷರವೇ. ಇ ಇದ್ದಲ್ಲಿ ಬದು ಹಾಕಬಹುದು. ಡಬ್ಲ್ಯೂ ಇದ್ದಲ್ಲಿ ಬಸಿಗಾಲುವೆ ತೆಗೆಯಬಹುದು. ಮಣ್ಣಿನ ಆಳ ಕಡಿಮೆಯೆಂದು ಎಸ್ ಬಿದ್ದಿದ್ದರೆ ಮಾತ್ರ ಯಾವ ಗೊಬ್ಬರದಿಂದಲೂ ಅದು ಹೋಗದು.

ಇನ್ನೊಂದು ಮಾತು. ಹತ್ತು ಗುಣ ಚೆನ್ನಾಗಿದ್ದು ಒಂದೇ ದೋಷ ದೊಡ್ಡದಿದ್ದರೂ ದರ್ಜೆ ನಿಲ್ಲುವುದು ಆ ದೋಷದ ಮೇಲೆ. ಆದ್ದರಿಂದ ಮೂರನೆಯ ದರ್ಜೆ ಎಂದರೆ ಕಳಪೆ ಹೊಲ ಎಂದು ಯಾರೂ ಮುಖ ಸಣ್ಣದು ಮಾಡಿಕೊಳ್ಳಬೇಕಿಲ್ಲ. ದರ್ಜೆ ಬೇರೆ, ಬೆಳೆಯ ಸೂಕ್ತತೆ ಬೇರೆ. ಎರಡನೆಯ ದರ್ಜೆಯ ಜಿಗುಟು ಎರೆಯಲ್ಲಿ ಶೇಂಗಾ ಕಿತ್ತರೆ ಕಾಯಿ ನೆಲದಲ್ಲಿಯೇ ಉಳಿಯುತ್ತದೆ. ನಾಲ್ಕನೆಯ ದರ್ಜೆಯ ಗರಸು ಮಸಾರಿಯಲ್ಲಿ ಸೀತಾಫಲ, ನೆಲ್ಲಿ ಬದುಕುತ್ತವೆ.

ಹಾಗೆಯೇ ಇದನ್ನು 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯೊಂದಿಗೆ ಬೆರೆಸಬೇಡಿ. ಆ ಚೀಟಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಮೊದಲಾದ 12 ಅಂಶಗಳನ್ನು ಹೇಳುತ್ತದೆ. ಗೊಬ್ಬರ ಹಾಕಿದರೆ ಅವು ಬದಲಾಗುತ್ತವೆ. ದರ್ಜೆ ಹೇಳುವುದು ಸುಲಭವಾಗಿ ಬದಲಾಗದ ಗುಣಗಳನ್ನು.

ಯಾವ ನಕ್ಷೆ ನಿಮ್ಮ ಹೊಲವನ್ನು ಕಾಣಬಲ್ಲದು?

ಎಲ್ಲ ಮಣ್ಣಿನ ನಕ್ಷೆಗಳೂ ಒಂದೇ ಅಲ್ಲ. ರಾಜ್ಯದ ಮಣ್ಣಿನ ನಕ್ಷೆ ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದ್ದು. ಅದರಲ್ಲಿ ಒಂದು ಚದರ ಸೆಂಟಿಮೀಟರು ಎಂದರೆ 625 ಹೆಕ್ಟೇರು. ಒಂದು ಸಣ್ಣ ಊರೇ ಅದರೊಳಗೆ ಅಡಗಿಹೋಗುತ್ತದೆ. 50 ಸಾವಿರಕ್ಕೆ ಒಂದರ ನಕ್ಷೆಯಲ್ಲಿ ಅದೇ ಚದರ ಸೆಂಟಿಮೀಟರು 25 ಹೆಕ್ಟೇರು. ಇಂಥ ನಕ್ಷೆ ತೋರಿಸಿ ಯಾರಾದರೂ ನಿಮ್ಮ ಮೂರೆಕರೆಯ ಗುಣವನ್ನು ಹೇಳಿದರೆ ಒಪ್ಪಬೇಡಿ.

ಹೊಲಕ್ಕೆ ಬೇಕಾದದ್ದು ಗ್ರಾಮ ನಕ್ಷೆಯ ಪ್ರಮಾಣದ್ದು, ಅಂದರೆ 7,920ಕ್ಕೆ ಒಂದು. ಅದರಲ್ಲಿ ಒಂದು ಅಂಗುಲ ನೆಲದ ಮೇಲೆ 660 ಅಡಿ, ಅಂದರೆ ಹತ್ತು ಸರಪಳಿ. ಒಂದು ಚದರ ಅಂಗುಲ ಸರಿಯಾಗಿ ಹತ್ತು ಎಕರೆ. ಇದರಲ್ಲಿ ಸರ್ವೆ ನಂಬರಿನ ಗಡಿ ಕಾಣುತ್ತದೆ. ವಿಶ್ವ ಬ್ಯಾಂಕ್ ನೆರವಿನ ಮೂರನೆಯ ಹಂತದ ಸುಜಲಾ ಯೋಜನೆಯಲ್ಲಿ ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಗದಗ, ದಾವಣಗೆರೆ, ಚಾಮರಾಜನಗರ ಮೊದಲಾದ ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಈ ಪ್ರಮಾಣದ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಕೇಂದ್ರ ಹಾಗೂ ಕೃಷಿ ವಿಶ್ವವಿದ್ಯಾಲಯಗಳ ತಜ್ಞರು ಹೊಲ ಹೊಲ ತಿರುಗಿ, ಗುಂಡಿ ತೋಡಿಸಿ ಇವನ್ನು ಸಿದ್ಧಪಡಿಸಿದರು. 2021ರಲ್ಲಿ ವಿಶ್ವ ಬ್ಯಾಂಕ್ ಒಪ್ಪಿಗೆ ನೀಡಿದ ‘ರಿವಾರ್ಡ್’ ಕಾರ್ಯಕ್ರಮವು ಈ ಕೆಲಸವನ್ನು ಮುಂದಕ್ಕೆ ಒಯ್ದಿದೆ.

ಸಂಕೇತ ಓದುವ ಬಗೆ

ಈ ನಕ್ಷೆಯಲ್ಲಿ ಪ್ರತಿ ತಾಕಿನ ಮೇಲೂ ಒಂದು ಸಂಕೇತವಿದೆ. ಮೊದಲ ಮೂರು ದೊಡ್ಡ ಅಕ್ಷರಗಳು ಮಣ್ಣಿನ ಸರಣಿಯ ಹೆಸರು. ನಂತರದ ಸಣ್ಣ ಅಕ್ಷರ ಮೇಲ್ಮಣ್ಣಿನ ಕಣ: ಸಿ ಎಂದರೆ ಮರಳು ಮಿಶ್ರಿತ ಗೋಡು, ಎಂ ಎಂದರೆ ಜೇಡಿ. ಅದರ ಮುಂದಿನ ದೊಡ್ಡ ಅಕ್ಷರ ಇಳಿಜಾರು: ಎ ಎಂದರೆ ನೂರು ಅಡಿಗೆ ಒಂದು ಅಡಿಯೊಳಗೆ, ಬಿ ಎಂದರೆ ಒಂದರಿಂದ ಮೂರು ಅಡಿ, ಸಿ ಎಂದರೆ ಮೂರರಿಂದ ಐದು ಅಡಿ. ಬಳಿಕದ ಅಂಕಿ ಕೊಚ್ಚಣೆ: 1 ಅಲ್ಪ, 2 ಸಾಧಾರಣ, 3 ತೀವ್ರ. ಕೊನೆಗೆ ಜಿ 1 ಎಂದಿದ್ದರೆ ಗರಸು ನೂರಕ್ಕೆ 15ರಿಂದ 35 ಪಾಲು. ಮಣ್ಣಿನ ಆಳವನ್ನು ಸರಣಿಯ ವಿವರಣೆಯಲ್ಲಿ ನೋಡಬೇಕು. ಅರ್ಧ ಗಂಟೆಯಲ್ಲಿ ಕಲಿಯಬಹುದಾದ ವಿದ್ಯೆ ಇದು.

ಇದನ್ನು ಕಲಿಯದೆ ಆದ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನಿದ್ದ ಒಂದು ತಾಲ್ಲೂಕಿನಲ್ಲಿ ಒಬ್ಬ ರೈತರು ನೀರು ಬಿದ್ದ ಸಂತೋಷದಲ್ಲಿ ಮೂರೆಕರೆ ಮಸಾರಿಗೆ ಅಡಿಕೆ ಇಟ್ಟರು. ನೆರೆಯ ತೋಟ ಚೆನ್ನಾಗಿತ್ತು. ನನ್ನನ್ನು ಕೇಳಿದಾಗ ನಾನೂ ಮೇಲ್ಮಣ್ಣು ನೋಡಿ ‘ಆಗಬಹುದು’ ಎಂದೆ. ನಾಲ್ಕನೆಯ ವರ್ಷ ಗಿಡಗಳು ಹಳದಿಗೆ ತಿರುಗಿದವು. ಗುಂಡಿ ತೋಡಿಸಿದರೆ ಒಂದೂಕಾಲು ಅಡಿಗೇ ಗಟ್ಟಿ ಗರಸು. ಕಚೇರಿಯ ಬೀರು ತೆಗೆದು ಆ ಜಲಾನಯನದ ನಕ್ಷೆ ಬಿಡಿಸಿದೆ. ಆ ತಾಕು ‘ಅಡಿಕೆಗೆ ಸೂಕ್ತವಲ್ಲ’ ಎಂದು ಅದರಲ್ಲಿ ಮೊದಲೇ ಬರೆದಿತ್ತು. ಸಾಲ ತೀರಿಸಲು ಅವರು ಒಂದು ಎಕರೆ ಮಾರಿದರು. ಅಂದಿನಿಂದ ನಕ್ಷೆ ನೋಡದೆ ನಾನು ಯಾರಿಗೂ ತೋಟದ ಸಲಹೆ ಕೊಟ್ಟಿಲ್ಲ.

ನೀವು ಈಗ ಮಾಡಬೇಕಾದದ್ದು

ಒಂದು: ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಸರ್ವೆ ನಂಬರಿನೊಂದಿಗೆ ಹೋಗಿ, ಭೂಸಂಪನ್ಮೂಲ ಸಮೀಕ್ಷೆ ನಿಮ್ಮ ಊರಿನಲ್ಲಿ ಆಗಿದೆಯೇ ಎಂದು ವಿಚಾರಿಸಿ. ಆಗಿದ್ದರೆ ಕಾರ್ಡನ್ನೋ ನಕ್ಷೆಯ ಪ್ರತಿಯನ್ನೋ ಕೇಳಿ ಪಡೆಯಿರಿ. ಬಾಯಿಮಾತಿಗೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ.

ಎರಡು: ನಕ್ಷೆಯನ್ನೂ ಕುರುಡಾಗಿ ನಂಬಬೇಡಿ. ಗುಂಡಿ ತೋಡಿದ್ದು ನಿಮ್ಮ ಹೊಲದಲ್ಲಿಯೇ ಆಗಿರಬೇಕೆಂದಿಲ್ಲ. ಹೊಲದ ಎರಡು ಮೂರು ಕಡೆ ಮೂರಡಿ ಚೌಕದ ಗುಂಡಿ ತೋಡಿ. ಗರಸು ಸಿಗುವವರೆಗೆ, ಇಲ್ಲವೆ ಐದು ಅಡಿಯವರೆಗೆ ಇಳಿಯಿರಿ. ಆಳವನ್ನು ಟೇಪಿನಿಂದ ಅಳೆದು ಬರೆದಿಡಿ, ಫೋಟೋ ತೆಗೆದಿಡಿ. ನಕ್ಷೆಗೂ ಗುಂಡಿಗೂ ವ್ಯತ್ಯಾಸ ಕಂಡರೆ ನಮ್ಮ ಇಲಾಖೆಯವರನ್ನು ಹೊಲಕ್ಕೇ ಕರೆಯಿರಿ.

ಮೂರು: ಪಹಣಿಯಲ್ಲಿ ಮಣ್ಣಿನ ನಮೂನೆ, ನೀರಾವರಿ ಮತ್ತು ಬೆಳೆಯ ಕಲಂಗಳನ್ನು ಪರೀಕ್ಷಿಸಿ. ಎರಡು ಬೆಳೆ ಬೆಳೆದು ಒಂದೇ ದಾಖಲಾಗಿದ್ದರೆ ಈಗಲೇ ಸರಿಪಡಿಸಿ. ಕಾನೂನು ನೀರನ್ನು ಕೇಳುವವರೆಗೆ ನೀರಿನ ದಾಖಲೆ ಸರಿಯಿರಲೇಬೇಕು.

ನಾಲ್ಕು: ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂದರೆ 2013ರ ಕಾಯ್ದೆಯಡಿ ಆಕ್ಷೇಪಣೆಗೆ 60 ದಿನಗಳಿವೆ. ಬೇರೆ ಕಾಯ್ದೆಯ ನೋಟಿಸಾದರೆ ಅದರಲ್ಲಿಯೇ ಗಡುವು ನಮೂದಾಗಿರುತ್ತದೆ. ಆಕ್ಷೇಪಣೆಗೆ ಮಣ್ಣಿನ ನಕ್ಷೆಯ ಪ್ರತಿಯನ್ನು ಲಗತ್ತಿಸಿ, ಊರಿನ ಯಾವ ಭಾಗದಲ್ಲಿ ಆರು, ಏಳನೆಯ ದರ್ಜೆಯ ನೆಲವಿದೆ ಎಂಬುದನ್ನೂ ತೋರಿಸಿ. ಆದರೆ ಅಲ್ಲಿ ಕುರಿ ಮೇಯಿಸಿ ಬದುಕುವವರಿದ್ದರೆ ಅವರನ್ನು ಬಿಟ್ಟು ಮಾತಾಡಬೇಡಿ.

ಈ ನಕ್ಷೆಯೊಂದರಿಂದಲೇ ಸ್ವಾಧೀನ ನಿಂತುಬಿಡುತ್ತದೆ ಎಂದು ನಾನು ಭರವಸೆ ಕೊಡಲಾರೆ; ಕಾನೂನು ಅದಕ್ಕೆ ಅಷ್ಟು ಬಲ ಕೊಟ್ಟಿಲ್ಲ. ಆದರೆ ‘ಒಳ್ಳೆಯ ಭೂಮಿ’ ಎಂಬ ಮಾತಿಗೆ ಸರ್ಕಾರದ ತಜ್ಞರೇ ಬರೆದ ಕಾಗದದ ಆಧಾರ ಸಿಗುತ್ತದೆ. ಅದಕ್ಕೂ ಮೊದಲು, ಯಾವ ಬೆಳೆ ಇಡಬೇಕು, ಎಲ್ಲಿ ಬದು ಹಾಕಬೇಕು ಎಂಬುದಕ್ಕೆ ಪ್ರತಿ ವರ್ಷವೂ ಅದು ನಿಮಗೆ ಬೇಕು. ಈ ಭಾನುವಾರ ವಾಚನಾಲಯದಲ್ಲಿ ಸೇರಿದಾಗ ಗ್ರಾಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಒಬ್ಬೊಬ್ಬರೂ ತಮ್ಮ ಹೊಲದ ಆಳವನ್ನು ಹೇಳಿ ಗುರುತು ಹಾಕಿರಿ. ಗೊತ್ತಿಲ್ಲದವರು ಸೋಮವಾರ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋಗಲಿ.